ಪ್ರಸಾರ ಭಾರತಿ ಮತ್ತು ರಾಜಕೀಯ ಪಕ್ಷಪಾತದ ಆರೋಪ

ಭಾರತದ ಸಾರ್ವಜನಿಕ ಪ್ರಸಾರ ಸಂಸ್ಥೆಗಳಾದ ಆಕಾಶವಾಣಿ ಮತ್ತು ದೂರದರ್ಶನ ಆಳುವ ಪಕ್ಷದ ಕಡೆಗೆ ವಾಲುತ್ತವೆ ಎಂಬ ದೂರು ದೇಶದ ರಾಜಕೀಯದಲ್ಲಿ ದಶಕಗಳಿಂದ ಕೇಳಿಬರುತ್ತಿದೆ. ದೂರುವ ಪಕ್ಷಗಳು ಬದಲಾಗಿವೆ, ದೂರು ಬದಲಾಗಿಲ್ಲ. ಇಂದಿರಾ ಗಾಂಧಿಯವರ ಕಾಲದಲ್ಲಿ ‘ಆಲ್ ಇಂಡಿಯಾ ರೇಡಿಯೋ’ವನ್ನು ವಿರೋಧಿಗಳು ‘ಆಲ್ ಇಂದಿರಾ ರೇಡಿಯೋ’ ಎಂದು ಗೇಲಿ ಮಾಡಿದರು. ಅವರ ಮಗನ ಕಾಲಕ್ಕೆ ದೂರದರ್ಶನ ‘ರಾಜೀವ್ ದರ್ಶನ’ವಾಯಿತು. ಈ ದೂರಿಗೆ ಸಂಸತ್ತು ಕೊಟ್ಟ ಉತ್ತರ 1990ರ ಪ್ರಸಾರ ಭಾರತಿ ಕಾಯಿದೆ. 1997ರಿಂದ ಎರಡೂ ಸಂಸ್ಥೆಗಳು ಪ್ರಸಾರ ಭಾರತಿ ಎಂಬ ಶಾಸನಬದ್ಧ ನಿಗಮದ ಅಡಿಯಲ್ಲಿವೆ. ಆದರೆ ಹಣ ಮತ್ತು ಸಿಬ್ಬಂದಿಯ ವಿಷಯದಲ್ಲಿ ಸರ್ಕಾರದ ಹಿಡಿತ ಸಡಿಲವಾಗದ ಕಾರಣ ಆರೋಪವೂ ಹಾಗೆಯೇ ಉಳಿದಿದೆ.

ಹಿನ್ನೆಲೆ

ಭಾರತದಲ್ಲಿ ನಿಯಮಿತ ಬಾನುಲಿ ಪ್ರಸಾರ ಆರಂಭಿಸಿದ್ದು ಖಾಸಗಿ ಕಂಪನಿ. 1927ರಲ್ಲಿ ಮುಂಬಯಿಯಲ್ಲಿ ನಿಲಯ ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರೇ ವರ್ಷಕ್ಕೆ ಕೈಚೆಲ್ಲಿತು. 1930ರಲ್ಲಿ ಸರ್ಕಾರ ಪ್ರಸಾರವನ್ನು ವಹಿಸಿಕೊಂಡಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು. ಈ ಸಂಸ್ಥೆ ಮುಂದೆ ಅಳವಡಿಸಿಕೊಂಡ ‘ಆಕಾಶವಾಣಿ’ ಎಂಬ ಹೆಸರು ಮಾತ್ರ ಸರ್ಕಾರದ್ದಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ನಡೆಸಲು ತೊಡಗಿದ ನಿಲಯದ ಹೆಸರು ಅದು.

ಸ್ವಾತಂತ್ರ್ಯಾನಂತರ ಇಂಥ ಖಾಸಗಿ ಯತ್ನಗಳಿಗೆ ಜಾಗವಿರಲಿಲ್ಲ. 1885ರ ಟೆಲಿಗ್ರಾಫ್ ಕಾಯಿದೆಯ ಬಲದಿಂದ ಪ್ರಸಾರ ಸರ್ಕಾರದ ಏಕಸ್ವಾಮ್ಯವಾಗಿ ಉಳಿಯಿತು. 1959ರಲ್ಲಿ ದೆಹಲಿಯಲ್ಲಿ ಆರಂಭವಾದ ದೂರದರ್ಶನ 1976ರವರೆಗೆ ಆಕಾಶವಾಣಿಯ ಅಂಗವಾಗಿತ್ತು. ಎರಡನ್ನೂ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಇಲಾಖೆಗಳಂತೆಯೇ ನಡೆಸುತ್ತಿತ್ತು. ಮನೆಯಲ್ಲಿ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷವರ್ಷ ಲೈಸೆನ್ಸ್ ಪುಸ್ತಕ ನವೀಕರಿಸಬೇಕಿತ್ತು. 1980ರ ದಶಕದಲ್ಲಿ ಈ ಶುಲ್ಕ ರದ್ದಾದ ಮೇಲೆ ಕೇಳುಗನಿಗೂ ಸಂಸ್ಥೆಗೂ ಇದ್ದ ನೇರ ಹಣದ ನಂಟು ಕಡಿಯಿತು.

ಆರೋಪದ ಸ್ವರೂಪ

ಸುದ್ದಿಯಲ್ಲಿ ಪಕ್ಷಪಾತ ಹಲವು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಯಾವ ಪಕ್ಷಕ್ಕೆ ಎಷ್ಟು ನಿಮಿಷ ಸಿಕ್ಕಿತು, ಯಾವ ಸುದ್ದಿ ಮೊದಲು ಬಂತು, ಯಾರ ದನಿಯನ್ನೇ ಕೇಳಿಸಿದರು, ಯಾರ ಮಾತನ್ನು ವಾರ್ತಾವಾಚಕರು ಓದಿ ಮುಗಿಸಿದರು ಎಂಬುದನ್ನು ಗಡಿಯಾರ ಹಿಡಿದು ಲೆಕ್ಕ ಹಾಕಬಹುದು. ಕ್ರಿಯಾಪದದಲ್ಲಿ ಅಡಗಿರುವುದನ್ನು ಅಷ್ಟು ಸುಲಭವಾಗಿ ಎಣಿಸಲಾಗದು. ಒಂದೇ ವಾರ್ತಾಪ್ರಸಾರದಲ್ಲಿ ಸಚಿವರು ‘ತಿಳಿಸಿದರು’, ‘ಸ್ಪಷ್ಟಪಡಿಸಿದರು’ ಎಂದೂ ವಿರೋಧ ಪಕ್ಷದ ನಾಯಕರು ‘ಆರೋಪಿಸಿದರು’, ‘ದೂರಿದರು’ ಎಂದೂ ಬಂದರೆ, ಇಬ್ಬರಿಗೂ ಸಮನಾದ ಸಮಯ ಕೊಟ್ಟರೂ ಒಬ್ಬರದು ಮಾಹಿತಿ, ಇನ್ನೊಬ್ಬರದು ತಕರಾರು ಎಂಬ ಭಾವನೆ ಕೇಳುಗನಲ್ಲಿ ಉಳಿಯುತ್ತದೆ.

ಕೇಳುವವರ ಒಲವೂ ಇದರಲ್ಲಿ ಸೇರಿಕೊಳ್ಳುತ್ತದೆ. ರಾಬರ್ಟ್ ವಲ್ಲೋನ್, ಲೀ ರಾಸ್ ಮತ್ತು ಮಾರ್ಕ್ ಲೆಪ್ಪರ್ 1985ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪ್ರಸಿದ್ಧ ನಿದರ್ಶನ. 1982ರ ಬೈರೂತ್ ಹತ್ಯಾಕಾಂಡದ ಕುರಿತ ಅವೇ ಟಿವಿ ವರದಿಗಳನ್ನು ನೋಡಿದ ಇಸ್ರೇಲ್ ಪರ ಮತ್ತು ಅರಬ್ ಪರ ವಿದ್ಯಾರ್ಥಿಗಳು, ವರದಿಗಳು ತಮ್ಮ ಪಕ್ಷಕ್ಕೇ ವಿರುದ್ಧವಾಗಿವೆ ಎಂದು ತೀರ್ಮಾನಿಸಿದ್ದರು. ಹಾಗಾಗಿ ಎಲ್ಲ ದೂರುಗಳೂ ಪಕ್ಷಪಾತಕ್ಕೆ ಪುರಾವೆಯಾಗುವುದಿಲ್ಲ. ಆದರೆ ಎರಡು ಕಡೆಯವರೂ ಬೈಯುತ್ತಾರೆ ಎಂಬುದೇ ಸಮತೋಲನಕ್ಕೆ ಪುರಾವೆಯೂ ಅಲ್ಲ. ಭಾರತದಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ತೂಕವಿದೆ. ಖಾಸಗಿ ಎಫ್‌ಎಂ ನಿಲಯಗಳು ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ. ಅನುಮತಿ ಇರುವುದು ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಲು. ಟಿವಿಯಲ್ಲಿ ನೂರಾರು ವಾಹಿನಿಗಳಿದ್ದರೂ ರೇಡಿಯೋ ಸುದ್ದಿಗೆ ಮೂಲ ಒಂದೇ.

ತುರ್ತುಪರಿಸ್ಥಿತಿ

1975ರ ಜೂನ್ 26ರ ಬೆಳಗ್ಗೆ ತುರ್ತುಪರಿಸ್ಥಿತಿಯ ಸುದ್ದಿಯನ್ನು ಇಂದಿರಾ ಗಾಂಧಿ ದೇಶಕ್ಕೆ ತಿಳಿಸಿದ್ದು ಆಕಾಶವಾಣಿಯಲ್ಲೇ. ಕೆಲವೇ ದಿನಗಳಲ್ಲಿ ವಾರ್ತಾ ಸಚಿವ ಐ.ಕೆ. ಗುಜ್ರಾಲ್ ಅವರನ್ನು ಬದಲಿಸಿ ವಿದ್ಯಾಚರಣ ಶುಕ್ಲ ಅವರನ್ನು ಆ ಸ್ಥಾನಕ್ಕೆ ತರಲಾಯಿತು. ಸರ್ಕಾರದ ಕಾರ್ಯಕ್ರಮಗಳ ಪ್ರಚಾರಕ್ಕೆ ಸಹಕರಿಸಲಿಲ್ಲ ಎಂಬ ಕಾರಣಕ್ಕೆ 1976ರಲ್ಲಿ ಗಾಯಕ ಕಿಶೋರ್ ಕುಮಾರ್ ಅವರ ಹಾಡುಗಳನ್ನು ಆಕಾಶವಾಣಿ ಮತ್ತು ದೂರದರ್ಶನ ಎರಡರಿಂದಲೂ ಹೊರಗಿಟ್ಟರು.

ಚುನಾವಣೆ ಘೋಷಣೆಯಾದ ಮೇಲೆ 1977ರ ಫೆಬ್ರವರಿ 6ರ ಭಾನುವಾರ, ಕಾಂಗ್ರೆಸ್ ತೊರೆದು ಬಂದಿದ್ದ ಜಗಜೀವನ ರಾಮ್ ಅವರ ಸಭೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ಏರ್ಪಾಡಾಗಿತ್ತು. ಅದೇ ಸಂಜೆ ದೂರದರ್ಶನ ರಾಜ್ ಕಪೂರರ ಜನಪ್ರಿಯ ಚಿತ್ರ ‘ಬಾಬಿ’ಯನ್ನು ತೋರಿಸಿತು. ಜನ ಮನೆ ಬಿಟ್ಟು ಕದಲದಿರಲಿ ಎಂದೇ ಹೀಗೆ ಮಾಡಿದರು ಎಂಬ ಮಾತು ಹರಡಿತು, ಮೈದಾನವಂತೂ ತುಂಬಿತ್ತು. ಜನತಾ ಸರ್ಕಾರ ಅಧಿಕಾರಕ್ಕೆ ಬಂದ ಮೇಲೆ ಸಮೂಹ ಮಾಧ್ಯಮಗಳ ದುರುಪಯೋಗದ ಬಗ್ಗೆ ಶ್ವೇತಪತ್ರ ಹೊರಡಿಸಿತು.

ಸರ್ಕಾರಿ ಮಾಧ್ಯಮದ ಮೇಲಿನ ಅಪನಂಬಿಕೆ ತುರ್ತುಪರಿಸ್ಥಿತಿಯೊಂದಿಗೆ ಮುಗಿಯಲಿಲ್ಲ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಸಾವನ್ನು ಬಿಬಿಸಿ ಮಧ್ಯಾಹ್ನವೇ ಹೇಳಿತ್ತು. ಆಕಾಶವಾಣಿ ಅದನ್ನು ಅಧಿಕೃತವಾಗಿ ತಿಳಿಸುವಾಗ ಸಂಜೆಯಾಗಿತ್ತು.

ಸ್ವಾಯತ್ತತೆಯ ಹಾದಿ

ಪ್ರಸಾರವನ್ನು ಸಚಿವಾಲಯದಿಂದ ಬಿಡಿಸಿ ಪ್ರತ್ಯೇಕ ನಿಗಮಗಳಿಗೆ ಒಪ್ಪಿಸಬೇಕೆಂದು ಎ.ಕೆ. ಚಂದಾ ಸಮಿತಿ 1966ರಲ್ಲೇ ಹೇಳಿತ್ತು. ಬಿ.ಜಿ. ವರ್ಗೀಸ್ ನೇತೃತ್ವದ ಸಮಿತಿ 1978ರಲ್ಲಿ ‘ಆಕಾಶ ಭಾರತಿ’ ಎಂಬ ರಾಷ್ಟ್ರೀಯ ಪ್ರಸಾರ ನ್ಯಾಸವನ್ನು ಸೂಚಿಸಿತು. ಆಗಿನ ವಾರ್ತಾ ಸಚಿವ ಎಲ್.ಕೆ. ಅಡ್ವಾಣಿ 1979ರಲ್ಲಿ ಮಂಡಿಸಿದ ಮಸೂದೆ ಆ ಶಿಫಾರಸಿಗಿಂತ ಸಪ್ಪೆಯಾಗಿತ್ತು. ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ವಿ.ಪಿ. ಸಿಂಗ್ ಸರ್ಕಾರದ ಕಾಲದಲ್ಲಿ ಅಂಗೀಕಾರವಾದ ಕಾಯಿದೆಗೆ 1990ರ ಸೆಪ್ಟೆಂಬರ್ 12ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಎರಡು ತಿಂಗಳಲ್ಲಿ ಆ ಸರ್ಕಾರ ಉರುಳಿತು. ಮುಂದಿನ ಸರ್ಕಾರಗಳು ಏಳು ವರ್ಷ ಕಾಯಿದೆಯನ್ನು ಜಾರಿಗೆ ತರಲಿಲ್ಲ.

ಈ ನಡುವೆ 1995ರ ಫೆಬ್ರವರಿಯಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. ಕ್ರಿಕೆಟ್ ಪಂದ್ಯದ ಪ್ರಸಾರ ಹಕ್ಕಿನ ಜಗಳದಿಂದ ಹುಟ್ಟಿದ ಈ ತೀರ್ಪು ಸರ್ಕಾರದ ಏಕಸ್ವಾಮ್ಯದ ಬುಡವನ್ನೇ ಅಲುಗಿಸಿತು. ಕೊನೆಗೆ 1997ರ ಸೆಪ್ಟೆಂಬರ್‌ನಲ್ಲಿ ಕಾಯಿದೆ ಜಾರಿಗೆ ಬಂತು. ಆಗ ಪ್ರಧಾನಿಯಾಗಿದ್ದವರು, 1975ರಲ್ಲಿ ವಾರ್ತಾ ಖಾತೆ ಕಳೆದುಕೊಂಡಿದ್ದ ಗುಜ್ರಾಲ್.

ಕಾಯಿದೆ ಮತ್ತು ಅದರ ಕೊರತೆಗಳು

ಯಾವುದೇ ಸಿದ್ಧಾಂತದ ಪರ ವಹಿಸದೆ, ಭಿನ್ನಾಭಿಪ್ರಾಯಗಳನ್ನೂ ಒಳಗೊಂಡು, ನ್ಯಾಯಯುತ ಹಾಗೂ ಸಮತೋಲಿತ ಮಾಹಿತಿ ನೀಡಬೇಕೆಂದು ಕಾಯಿದೆ ನಿಗಮಕ್ಕೆ ವಿಧಿಸುತ್ತದೆ. ಮಂಡಳಿಯ ಅಧ್ಯಕ್ಷರು ಹಾಗೂ ಸದಸ್ಯರನ್ನು ಶಿಫಾರಸು ಮಾಡುವುದು ಮೂವರ ಸಮಿತಿ: ರಾಜ್ಯಸಭೆಯ ಸಭಾಪತಿ, ಪತ್ರಿಕಾ ಮಂಡಳಿಯ ಅಧ್ಯಕ್ಷ ಮತ್ತು ರಾಷ್ಟ್ರಪತಿಗಳ ನಾಮನಿರ್ದೇಶಿತರು. ಮೂವರಲ್ಲಿ ಕೊನೆಯವರನ್ನು ಸರ್ಕಾರದ ಸಲಹೆಯಂತೆಯೇ ಹೆಸರಿಸಲಾಗುತ್ತದೆ ಎಂಬುದು ಟೀಕಾಕಾರರ ಆಕ್ಷೇಪ. ನಿಗಮದ ಮೇಲೆ ನಿಗಾ ಇಡಲು 22 ಸಂಸದರ ಸಮಿತಿ, ದೂರು ಕೇಳಲು ಪ್ರಸಾರ ಪರಿಷತ್ತು ಎಂಬ ಎರಡು ವ್ಯವಸ್ಥೆಗಳನ್ನೂ ಕಾಯಿದೆ ಬರೆದಿಟ್ಟಿದೆ. ಕಾಯಿದೆ ಜಾರಿಯಾಗಿ ದಶಕಗಳಾದರೂ ಇವು ಕಾಗದದ ಮೇಲೆಯೇ ಉಳಿದವು.

ಆರಂಭದಲ್ಲೇ ಜಗ್ಗಾಟ ಶುರುವಾಯಿತು. ಗುಜ್ರಾಲ್ ಸರ್ಕಾರ ಸುಗ್ರೀವಾಜ್ಞೆಯಿಂದ ಸಂಸದೀಯ ಸಮಿತಿಯನ್ನೂ ಮುಖ್ಯ ಕಾರ್ಯನಿರ್ವಾಹಕರ ವಯೋಮಿತಿಯನ್ನೂ ತೆಗೆದುಹಾಕಿತು. 1998ರಲ್ಲಿ ವಾಜಪೇಯಿ ಸರ್ಕಾರ ಇನ್ನೊಂದು ಸುಗ್ರೀವಾಜ್ಞೆಯಿಂದ ಅವನ್ನು ಮರಳಿ ತಂದಿತು. ವಯೋಮಿತಿ ಮರಳಿದ್ದರಿಂದ ಮೊದಲ ಮುಖ್ಯ ಕಾರ್ಯನಿರ್ವಾಹಕ ಎಸ್.ಎಸ್. ಗಿಲ್ ಹುದ್ದೆ ಕಳೆದುಕೊಂಡರು. ಹಣಕಾಸಿನಲ್ಲೂ ನಿಗಮ ಸರ್ಕಾರದ ಅನುದಾನವನ್ನೇ ನೆಚ್ಚಿದೆ. 2007ರ ಅಕ್ಟೋಬರ್ 5ಕ್ಕೆ ಮೊದಲು ಸೇರಿದ ನೌಕರರು ಸರ್ಕಾರಿ ನೌಕರರಾಗಿಯೇ ಇದ್ದು ನಿಯೋಜನೆಯ ಮೇಲೆ ದುಡಿಯುತ್ತಾರೆ. ಸ್ಯಾಮ್ ಪಿತ್ರೋಡಾ ಸಮಿತಿ 2014ರಲ್ಲಿ ಹೆಚ್ಚಿನ ಸ್ವಾಯತ್ತತೆಗೆ ಶಿಫಾರಸು ಮಾಡಿತು.

ನಂತರದ ವಿವಾದಗಳು

2014ರ ಚುನಾವಣೆಯ ವೇಳೆ, ಯುಪಿಎ ಸರ್ಕಾರವಿದ್ದಾಗ, ದೂರದರ್ಶನಕ್ಕೆ ನರೇಂದ್ರ ಮೋದಿ ಕೊಟ್ಟ ಸಂದರ್ಶನದ ಕೆಲವು ಭಾಗಗಳಿಗೆ ಕತ್ತರಿ ಬಿತ್ತು ಎಂದು ಬಿಜೆಪಿ ಆಕ್ಷೇಪಿಸಿತು. ಆಗ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಜವಾಹರ್ ಸರ್ಕಾರ್ ಸಂಸ್ಥೆಗೆ ಸಾಕಷ್ಟು ಸ್ವಾಯತ್ತತೆ ಸಿಕ್ಕಿಲ್ಲ ಎಂದು ಮಂಡಳಿಗೆ ಬರೆದರು. ಅದೇ ವರ್ಷ ಅಕ್ಟೋಬರ್ 3ರ ವಿಜಯದಶಮಿಯಂದು, ಬಿಜೆಪಿ ಸರ್ಕಾರ ಬಂದ ಮೇಲೆ, ನಾಗಪುರದಿಂದ ಆರೆಸ್ಸೆಸ್ ಸರಸಂಘಚಾಲಕ ಮೋಹನ್ ಭಾಗವತ್ ಅವರ ಭಾಷಣ ದೂರದರ್ಶನದಲ್ಲಿ ನೇರಪ್ರಸಾರವಾಯಿತು. ಈಗ ಆಕ್ಷೇಪಿಸುವ ಸರದಿ ಕಾಂಗ್ರೆಸ್ ಮತ್ತು ಎಡಪಕ್ಷಗಳದ್ದು. ಸುದ್ದಿಮೌಲ್ಯವಿತ್ತು ಎಂಬುದು ದೂರದರ್ಶನದ ಸಮರ್ಥನೆ. ಪ್ರಧಾನಿಯವರ ‘ಮನ್ ಕಿ ಬಾತ್’ ಬಾನುಲಿ ಸರಣಿ ಆರಂಭವಾದದ್ದೂ ಅದೇ ದಿನ.

2017ರಲ್ಲಿ ತ್ರಿಪುರಾದ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಸ್ವಾತಂತ್ರ್ಯ ದಿನದ ಭಾಷಣವನ್ನು ಮುದ್ರಿಸಿಕೊಂಡ ಬಳಿಕ, ತಿದ್ದದ ಹೊರತು ಪ್ರಸಾರ ಮಾಡಲಾಗದು ಎಂದು ತಿಳಿಸಲಾಯಿತು. ಅವರು ತಿದ್ದಲಿಲ್ಲ, ಭಾಷಣ ಪ್ರಸಾರವಾಗಲಿಲ್ಲ. ಪಕ್ಷವನ್ನು ಹೆಸರಿಸಿ ಟೀಕಿಸುವುದನ್ನೂ ಕೇಂದ್ರ ಅಥವಾ ರಾಜ್ಯ ಸರ್ಕಾರದ ಕಟು ನಿಂದನೆಯನ್ನೂ ನಿಷೇಧಿಸುವ ಹಳೆಯ ಪ್ರಸಾರ ಸಂಹಿತೆ ಆಕಾಶವಾಣಿಯಲ್ಲಿದೆ. ಯಾವುದು ಟೀಕೆ, ಯಾವುದು ನಿಂದನೆ ಎಂದು ತೀರ್ಮಾನಿಸುವವರು ಯಾರು ಎಂಬುದೇ ಇಂಥ ಪ್ರಕರಣಗಳ ತಿರುಳು. 2024ರ ಏಪ್ರಿಲ್‌ನಲ್ಲಿ ಡಿಡಿ ನ್ಯೂಸ್ ಲಾಂಛನದ ಕೆಂಪು ಬಣ್ಣ ಬದಲಾದಾಗ ವಿರೋಧ ಪಕ್ಷಗಳು ಅದನ್ನು ಕೇಸರಿ ಎಂದವು, ಸಂಸ್ಥೆ ಕಿತ್ತಳೆ ಎಂದಿತು.

ಚುನಾವಣಾ ಪ್ರಸಾರ

ಸಮತೋಲನವನ್ನು ಲೆಕ್ಕಕ್ಕೆ ಇಳಿಸಿದ್ದು ಚುನಾವಣಾ ಆಯೋಗ. 1998ರಿಂದ ಮಾನ್ಯತೆ ಪಡೆದ ಪಕ್ಷಗಳಿಗೆ ಆಕಾಶವಾಣಿ ಮತ್ತು ದೂರದರ್ಶನದಲ್ಲಿ ಉಚಿತ ಸಮಯ ಸಿಗುತ್ತಿದೆ. ಎಲ್ಲರಿಗೂ ಸಮನಾದ ಮೂಲ ಸಮಯ, ಅದರ ಮೇಲೆ ಹಿಂದಿನ ಚುನಾವಣೆಯ ಮತಗಳಿಗೆ ತಕ್ಕ ಹೆಚ್ಚುವರಿ ಸಮಯ. ಸರದಿ ಚೀಟಿ ಎತ್ತಿ ನಿರ್ಧಾರ. ಭಾಷಣದ ಪಠ್ಯವನ್ನು ಮಾತ್ರ ಮೊದಲೇ ಒಪ್ಪಿಸಬೇಕು. 2024ರ ಮೇನಲ್ಲಿ ಸಿಪಿಎಂ ನಾಯಕ ಸೀತಾರಾಮ್ ಯೆಚೂರಿ ಅವರ ಇಂಗ್ಲಿಷ್ ಭಾಷಣದಲ್ಲಿ ಕೆಲವು ಪದಗಳನ್ನು ಕೈಬಿಡಲು ಹೇಳಲಾಯಿತು. ಆಡಳಿತದ ‘ದಿವಾಳಿತನ’ ಎಂಬುದು ‘ವೈಫಲ್ಯ’ವಾಯಿತು. ಅದನ್ನೇ ಹೇಳುವ ಹಿಂದಿ ಪಠ್ಯಕ್ಕೆ ತಕರಾರೇ ಬರಲಿಲ್ಲ ಎಂದು ಯೆಚೂರಿ ಹೇಳಿದರು. ಆಯೋಗದ ನಿಯಮಗಳನ್ನಷ್ಟೇ ಪಾಲಿಸಿದೆವು ಎಂಬುದು ಪ್ರಸಾರ ಭಾರತಿಯ ಉತ್ತರ.

ನ್ಯಾಯಾಲಯಗಳ ಪಾತ್ರ

ಭೋಪಾಲ್ ಅನಿಲ ದುರಂತದ ಕುರಿತ ಸಾಕ್ಷ್ಯಚಿತ್ರವನ್ನು ತೋರಿಸಲು ದೂರದರ್ಶನ ನಿರಾಕರಿಸಿದಾಗ ಸುಪ್ರೀಂ ಕೋರ್ಟ್ 1992ರಲ್ಲಿ ಅದನ್ನು ಒಪ್ಪಲಿಲ್ಲ. 2006ರಲ್ಲಿ ಆನಂದ್ ಪಟವರ್ಧನ್ ಅವರ ಸಾಕ್ಷ್ಯಚಿತ್ರದ ವಿಷಯದಲ್ಲೂ ತೀರ್ಪು ನಿರ್ದೇಶಕರ ಪರ ಬಂತು. ಇಂಥ ಗೆಲುವುಗಳು ಒಂದೊಂದು ಚಿತ್ರಕ್ಕೆ ಸೀಮಿತ; ದಿನನಿತ್ಯದ ಸುದ್ದಿ ಆಯ್ಕೆ ನ್ಯಾಯಾಲಯದ ಮೆಟ್ಟಿಲೇರುವುದಿಲ್ಲ.

ಹೊರದೇಶಗಳೊಂದಿಗೆ ಹೋಲಿಕೆ

ಬ್ರಿಟನ್ನಿನ ಬಿಬಿಸಿಗೆ ಲೈಸೆನ್ಸ್ ಶುಲ್ಕದ ಸ್ವಂತ ಆದಾಯವಿದೆ. ಆದರೂ ಶುಲ್ಕದ ಮೊತ್ತ ಗೊತ್ತುಮಾಡುವುದು ಸರ್ಕಾರ. ಅಲ್ಲಿನ ಎಡ, ಬಲ ಎರಡೂ ಪಾಳೆಯಗಳು ಬಿಬಿಸಿಯನ್ನು ದೂರುತ್ತವೆ. ಅಮೆರಿಕದಲ್ಲಿ ಪಕ್ಷಪಾತದ ಆರೋಪ ಹಣಕ್ಕೇ ಕುತ್ತು ತಂದಿತು: 2025ರ ಜುಲೈನಲ್ಲಿ ಅಲ್ಲಿನ ಕಾಂಗ್ರೆಸ್ ಸಾರ್ವಜನಿಕ ಪ್ರಸಾರಕ್ಕೆ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರನ್ನು ಹಿಂಪಡೆಯಿತು. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2014ರಲ್ಲಿ, ಜೆಡ್‌ಡಿಎಫ್ ವಾಹಿನಿಯ ಮೇಲ್ವಿಚಾರಣಾ ಸಮಿತಿಗಳಲ್ಲಿ ಸರ್ಕಾರ ಮತ್ತು ರಾಜಕೀಯದ ನಂಟಿರುವವರು ಮೂರನೇ ಒಂದು ಭಾಗ ಮೀರಬಾರದು ಎಂದಿತು. ನಿಷ್ಪಕ್ಷಪಾತವನ್ನು ಸಂಪಾದಕರ ಆತ್ಮಸಾಕ್ಷಿಗೆ ಬಿಡದೆ ಕುರ್ಚಿಗಳ ಎಣಿಕೆಗೆ ಕಟ್ಟಿಹಾಕಿದ ಕ್ರಮವಿದು. ಭಾರತದ ಕಾಯಿದೆಯಲ್ಲಿ ಇಂಥ ಮಿತಿಯಿಲ್ಲ. ಮಂಡಳಿಯಲ್ಲಿ ವಾರ್ತಾ ಸಚಿವಾಲಯದ ಪ್ರತಿನಿಧಿಗೆ ಒಂದು ಸ್ಥಾನ ಕಾಯಂ ಇದೆ.