ಈಜುಕೊಳದ ಪಂಪು ನಿಧಾನ ಕಲಿತ ಕಥೆ

ಮನೆ ಹಿತ್ತಲಿನ ಈಜುಕೊಳದ ಪಂಪು ಎಷ್ಟು ಜೋರಾಗಿ ತಿರುಗಬೇಕು ಅನ್ನುವುದಕ್ಕೂ ಅಮೆರಿಕದಲ್ಲಿ ಕಾನೂನಿದೆ ಅಂದರೆ ನಿಮಗೆ ನಗು ಬರಬಹುದು. ಮುಂಬೈಯಲ್ಲಿ ಬೆಳಗಾಗುವ ಮೊದಲೇ ಎದ್ದು ನಲ್ಲಿ ನೀರಿಗೆ ಕಾದವರು ನಾವು, ನಮಗೇಕೆ ಈ ದೊಡ್ಡವರ ಮನೆಯ ಉಸಾಬರಿ ಅಂತಲೂ ಕೇಳಬಹುದು. ಸ್ವಲ್ಪ ತಾಳಿ. ಇದು ಈಜುಕೊಳದ ಕಥೆ ಅನ್ನುವುದಕ್ಕಿಂತ ಮೋಟರಿನ ಕಥೆ, ಕರೆಂಟು ಬಿಲ್ಲಿನ ಕಥೆ. ನಡುವೆ ಒಂದು ಮಗುವಿನ ಸಾವೂ ಇದೆ.

ಮೊದಲು ಮೋಟರು. 1888ರ ಮೇ 1ರಂದು ನಿಕೋಲಾ ಟೆಸ್ಲಾಗೆ ಇಂಡಕ್ಷನ್ ಮೋಟರಿನ ಪೇಟೆಂಟುಗಳು ಸಿಕ್ಕವು. ಇಟಲಿಯಲ್ಲಿ ಗೆಲಿಲಿಯೋ ಫೆರಾರಿಸ್ ಕೂಡ ತನ್ನಷ್ಟಕ್ಕೆ ಅದೇ ತತ್ವ ಕಂಡುಕೊಂಡಿದ್ದ. ಗಟ್ಟಿಮುಟ್ಟಾದ ಯಂತ್ರ, ರಿಪೇರಿ ಕಡಿಮೆ, ಆದರೆ ಹಠಮಾರಿ. ಕರೆಂಟಿನ ಆವರ್ತನ ಎಷ್ಟೋ ಅದರ ವೇಗವೂ ಅಷ್ಟಕ್ಕೇ ಕಟ್ಟುಬಿದ್ದಿದ್ದು. ಅಮೆರಿಕದಲ್ಲಿ 60 ಹರ್ಟ್ಸ್, ಹಾಗಾಗಿ ಎರಡು ಧ್ರುವದ ಮೋಟರು ನಿಮಿಷಕ್ಕೆ 3600ರ ಹತ್ತಿರ, ಸ್ವಲ್ಪ ಜಾರಿಕೆ ಕಳೆದರೆ 3450 ಸುತ್ತು. ನಮ್ಮಲ್ಲಿ 50 ಹರ್ಟ್ಸ್, 3000ಕ್ಕಿಂತ ಚೂರು ಕಡಿಮೆ. (ಅಂದ ಹಾಗೆ 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು 25 ಹರ್ಟ್ಸಿನದು. ಅಲ್ಲಿ ಇದೇ ಮೋಟರು 1500 ದಾಟುತ್ತಿರಲಿಲ್ಲ!)

ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾ, ಫ್ಲಾರಿಡಾ ಕಡೆ ಮಧ್ಯಮ ವರ್ಗದವರ ಮನೆಗಳಲ್ಲೂ ಕೊಳಗಳು ಎದ್ದವು. ಕೊಳ ಅಂದಮೇಲೆ ನೀರು ದಿನಕ್ಕೊಮ್ಮೆಯಾದರೂ ಫಿಲ್ಟರಿನ ಮೂಲಕ ಸುತ್ತಬೇಕು, ಇಲ್ಲದಿದ್ದರೆ ಪಾಚಿ. ಅದಕ್ಕೊಂದು ಪಂಪು, ಪಂಪಿಗೊಂದು ಗಡಿಯಾರದ ಸ್ವಿಚ್ಚು. ಆಗಿನ 'ಆಟೋಮೇಷನ್' ಅಂದರೆ ಇಷ್ಟೇ. ಬೆಳಿಗ್ಗೆ ಚಾಲೂ, ಎಂಟು ಗಂಟೆ ಬಿಟ್ಟು ಬಂದ್. ನಡುವೆ ಇಡೀ ಹೊತ್ತು 3450. ಕೊಳ ಕಟ್ಟುವವನು ಪಂಪು ಆರಿಸುತ್ತಿದ್ದ, ಮನೆಯವನು ಬಿಲ್ಲು ಕಟ್ಟುತ್ತಿದ್ದ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನಿಗೆ ಇದು ಗುರುತಿನ ರೋಗ. ಖರೀದಿಸುವವನೇ ಬೇರೆ, ಖರ್ಚು ಭರಿಸುವವನೇ ಬೇರೆ ಆದಾಗ ಅಗ್ಗದ ಮಾಲೇ ಗೆಲ್ಲುತ್ತದೆ.

ಈಗ ಲೆಕ್ಕ. ಪಂಪಿನ ವೇಗ ಅರ್ಧ ಮಾಡಿದರೆ ಹರಿಯುವ ನೀರೂ ಅರ್ಧ. ಆದರೆ ಬೇಕಾಗುವ ಶಕ್ತಿ ಅರ್ಧವಲ್ಲ, ಎಂಟರಲ್ಲಿ ಒಂದು! ವೇಗದ ಘನಕ್ಕೆ ತಕ್ಕಂತೆ ಶಕ್ತಿ ಏರಿಳಿಯುತ್ತದೆ. 2000 ವ್ಯಾಟಿನ ಪಂಪು 8 ಗಂಟೆ ಓಡಿದರೆ 16 ಯೂನಿಟ್. ಅದನ್ನೇ ಅರ್ಧ ವೇಗದಲ್ಲಿ 16 ಗಂಟೆ ಓಡಿಸಿ: ನೀರು ಅಷ್ಟೇ ಸುತ್ತುತ್ತದೆ, ಆದರೆ 250 ವ್ಯಾಟ್ ಗುಣಿಸು 16, ಅಂದರೆ 4 ಯೂನಿಟ್. ಇದು ಪುಸ್ತಕದ ಲೆಕ್ಕ. ನಿಜದಲ್ಲಿ ಮೋಟರಿನ ದಕ್ಷತೆ ಕುಸಿಯುವುದರಿಂದ ಇನ್ನೊಂದೆರಡು ಯೂನಿಟ್ ಸೇರಿಸಿಕೊಳ್ಳಿ. ಆದರೂ ದಿನಕ್ಕೆ ಹತ್ತು ಯೂನಿಟ್ ಉಳಿತಾಯ ಅಂದರೆ ತಿಂಗಳಿಗೆ ಮುನ್ನೂರು. ನಮ್ಮಂಥ ಎರಡು ಕೋಣೆಯ ಫ್ಲಾಟಿಗೆ ಅಷ್ಟರಲ್ಲಿ ತಿಂಗಳು ಕಳೆಯುತ್ತದೆ.

ಹಾಗಾದರೆ ನಮ್ಮ ಸೊಸೈಟಿಯ ಪಂಪನ್ನೂ ನಿಧಾನ ಮಾಡಿಬಿಡೋಣ ಅಂತ ಕಮಿಟಿ ಮೀಟಿಂಗಿನಲ್ಲಿ ಎದ್ದು ನಿಲ್ಲಬೇಡಿ ಮಾರಾಯ್ರೆ. ಕೊಳದ ನೀರು ಹೊರಟಲ್ಲಿಗೇ ವಾಪಸು ಬರುತ್ತದೆ. ಪಂಪು ಗುದ್ದಾಡುವುದು ಪೈಪು, ಫಿಲ್ಟರುಗಳ ಘರ್ಷಣೆಯ ಜೊತೆ ಮಾತ್ರ. ಸೊಸೈಟಿಯ ಪಂಪು ಏಳು ಮಾಳಿಗೆ ಮೇಲಿನ ಟಾಂಕಿಗೆ ನೀರೆತ್ತಬೇಕು. ವೇಗ ಒಂದು ಮಿತಿಗಿಂತ ಇಳಿದರೆ ಪಂಪು ತಿರುಗುತ್ತಲೇ ಇರುತ್ತದೆ, ಟಾಂಕಿಗೆ ಮಾತ್ರ ಒಂದು ಹನಿಯೂ ಹತ್ತುವುದಿಲ್ಲ. ಘನದ ನಿಯಮದ ಪೂರ್ತಿ ಲಾಭ ಸಿಗುವುದು ಈಜುಕೊಳದಂಥ ಕಡೆಯಲ್ಲೇ.

ಇಷ್ಟು ಗೊತ್ತಿದ್ದೂ ಯಾರೂ ಅಲುಗಾಡಲಿಲ್ಲ. ಅಲುಗಾಡಿಸಿದ್ದು 1973ರ ತೈಲ ಬಿಕ್ಕಟ್ಟು. 1974ರಲ್ಲಿ ಕ್ಯಾಲಿಫೋರ್ನಿಯಾದ ವಾರೆನ್-ಆಲ್ಕ್ವಿಸ್ಟ್ ಕಾಯ್ದೆಯಿಂದ ಅಲ್ಲಿನ ಎನರ್ಜಿ ಕಮಿಷನ್ ಹುಟ್ಟಿತು. ಸಹಿ ಹಾಕಿದ ಗವರ್ನರ್ ಯಾರು ಗೊತ್ತೇ? ಸರ್ಕಾರ ಎಲ್ಲದರಲ್ಲೂ ತಲೆಹಾಕಬಾರದು ಅನ್ನುತ್ತಿದ್ದ ರೊನಾಲ್ಡ್ ರೇಗನ್! ಮುಂದೆ 2000-01ರಲ್ಲಿ ಆ ರಾಜ್ಯ ಸರದಿಯ ಮೇಲೆ ಕತ್ತಲಲ್ಲಿ ಕೂತಾಗ ವಿಷಯ ಇನ್ನೂ ಬಿಗಿಯಾಯಿತು. ಟೈಟಲ್ 20 ಎಂಬ ನಿಯಮಾವಳಿಯಲ್ಲಿ ಈಜುಕೊಳದ ಪಂಪೂ ಸೇರಿತು. 2006ರಿಂದ ಕಡಿಮೆ ದಕ್ಷತೆಯ ಕೆಲವು ಬಗೆಯ ಮೋಟರುಗಳಿಗೆ ತಡೆ. 2008ರಿಂದ ಒಂದು ಅಶ್ವಶಕ್ತಿ ಮತ್ತು ಮೇಲ್ಪಟ್ಟ ಪಂಪಿಗೆ ಎರಡು ವೇಗವಾದರೂ ಇರಲೇಬೇಕು.

ನನಗೆ ತುಂಬ ಹಿಡಿಸಿದ್ದು ಅದರೊಳಗಿನ ಒಂದು ಸಣ್ಣ ಕಲಮು. ಎರಡು ವೇಗ ಕೊಟ್ಟರೆ ಸಾಲದು, ಜನ ಜೋರು ವೇಗಕ್ಕೆ ಇಟ್ಟು ಮರೆತುಬಿಡುತ್ತಾರೆ ಅಂತ ಬರೆದವರಿಗೆ ಗೊತ್ತಿತ್ತು. ಅದಕ್ಕೇ ಕಂಟ್ರೋಲರು ತಾನಾಗಿ ನಿಧಾನ ವೇಗದಲ್ಲೇ ಇರಬೇಕು, ಯಾರಾದರೂ ವೇಗ ಏರಿಸಿದರೆ 24 ಗಂಟೆಯೊಳಗೆ ತಾನೇ ಇಳಿದುಬಿಡಬೇಕು ಅಂದರು. ಮನುಷ್ಯನ ಸೋಮಾರಿತನ ಬಲ್ಲವರೇ ಬರೆದ ಕಾನೂನು ಇದು.

ಅಷ್ಟರಲ್ಲಿ ತಂತ್ರಜ್ಞಾನವೂ ಒದಗಿಬಂತು. 1968ರಲ್ಲೇ ಡೆನ್ಮಾರ್ಕಿನ ಡ್ಯಾನ್‌ಫಾಸ್ ಕಂಪನಿ ಆವರ್ತನ ಬದಲಿಸಿ ಮೋಟರಿನ ವೇಗ ಬದಲಿಸುವ ಪೆಟ್ಟಿಗೆಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತ್ತು, ಆದರೆ ಅದು ಕಾರ್ಖಾನೆಗಳ ಸೊತ್ತು. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಾಗಾವಾ, ಅಮೆರಿಕದ ಜಾನ್ ಕ್ರೋಟ್ ಬೇರೆಬೇರೆಯಾಗಿ ನಿಯೋಡಿಮಿಯಂ ಅಯಸ್ಕಾಂತ ಕಂಡುಹಿಡಿದರು. ಕಾಯಂ ಅಯಸ್ಕಾಂತದ ಮೋಟರು, ಅದರ ತಲೆಯ ಮೇಲೆ ಸಣ್ಣ ಕಂಪ್ಯೂಟರು ಕೂರಿಸಿ ಪೆಂಟೇರ್ ಕಂಪನಿ 2005ರ ಸುಮಾರಿಗೆ ಇಂಟೆಲಿಫ್ಲೋ ಎಂಬ ಮನೆಬಳಕೆಯ ಪಂಪು ತಂತು. ಈ ಮೋಟರು ನಿಧಾನ ವೇಗದಲ್ಲೂ ದಕ್ಷತೆ ಬಿಟ್ಟುಕೊಡುವುದಿಲ್ಲ.

ಈಗ ಪ್ರಶ್ನೆ, ವೇಗ ನಿರ್ಧರಿಸುವವರು ಯಾರು? ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರಕ್ಕೆ ಕನಿಷ್ಠ ಇಷ್ಟು ಹರಿವು ಬೇಕು, ಇಲ್ಲದಿದ್ದರೆ ಅದು ಸುಮ್ಮನಾಗುತ್ತದೆ. ಹೀಟರಿಗೆ ಇನ್ನೂ ಹೆಚ್ಚು. ಚಾವಣಿಯ ಸೋಲಾರ್ ಹಲಗೆಗೆ ಮೊದಲು ನೀರು ಏರಿಸಲು ಜೋರು ಬೇಕು, ತುಂಬಿದ ಮೇಲೆ ಕಡಿಮೆ ಸಾಕು. ಎಲ್ಲರೂ ಒಟ್ಟಿಗೆ ಕೇಳಿದರೆ? ಪೆಂಟೇರಿನವರ ಕಂಟ್ರೋಲರು ಕೇಳಿದವರಲ್ಲಿ ಯಾರದು ಅತಿ ಹೆಚ್ಚೋ ಆ ವೇಗ ಕೊಡುತ್ತದೆ. ಅವಿಭಕ್ತ ಕುಟುಂಬದಲ್ಲಿ ಅನ್ನಕ್ಕೆ ಅಕ್ಕಿ ಹಾಕಿದ ಹಾಗಲ್ಲ ಇದು, ಒಬ್ಬರದಕ್ಕೆ ಇನ್ನೊಬ್ಬರದು ಕೂಡಿಸುವುದಿಲ್ಲ. ಕಂಟ್ರೋಲರಿಗೂ ಪಂಪಿಗೂ ಮಾತುಕತೆ ನಡೆಯುವುದು 1983ರ ಆರ್‌ಎಸ್-485 ಎಂಬ ಎರಡು ತಂತಿಯ ಪದ್ಧತಿಯಲ್ಲಿ. ಆ ಮಾತುಕತೆಯ ಲಿಪಿಯನ್ನು ಹವ್ಯಾಸಿಗಳು ಕದ್ದು ಕೇಳಿ ಬಿಡಿಸಿದರು, ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಿಂದಲೇ ಪಂಪು ಆಡಿಸತೊಡಗಿದರು.

ಮಗುವಿನ ವಿಷಯ ಹೇಳುತ್ತೇನೆ ಅಂದಿದ್ದೆ. 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಬಿಸಿನೀರಿನ ತೊಟ್ಟಿಯ ತಳದ ಕಂಡಿಯ ಸೆಳೆತಕ್ಕೆ ಸಿಕ್ಕಿ ಮುಳುಗಿ ಸತ್ತಳು. ತಾಯಿ ಎಳೆದರೂ ಬಿಡಿಸಿಕೊಳ್ಳಲಾಗಲಿಲ್ಲ. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಮೊಮ್ಮಗಳು ಆಕೆ. ತಾಯಿ ಬೆನ್ನು ಹತ್ತಿದ್ದರಿಂದ 2007ರ ಡಿಸೆಂಬರಿನಲ್ಲಿ ಆ ಮಗುವಿನ ಹೆಸರಲ್ಲೇ ಕೇಂದ್ರ ಕಾನೂನು ಬಂತು, ಕಂಡಿಗಳಿಗೆ ಹೊಸ ಬಗೆಯ ಮುಚ್ಚಳ ಕಡ್ಡಾಯವಾಯಿತು. ಸೆಳೆತ ಒಮ್ಮೆಲೇ ಏರಿದ್ದು ಗುರುತಿಸಿ ತಾನೇ ನಿಂತುಬಿಡುವ ಪಂಪುಗಳೂ ಬಂದವು. ನಿಧಾನ ಪಂಪಿಗೆ ಎಳೆತ ಕಡಿಮೆ ನಿಜ, ಆದರೆ ಮುಚ್ಚಳ ಒಡೆದಿದ್ದರೆ ಅದನ್ನು ನಂಬಿ ಯಾರೂ ಮಕ್ಕಳನ್ನು ಇಳಿಸಬಾರದು.

ಮುಂದೆ ಇಡೀ ದೇಶಕ್ಕೆ ಪಂಪಿನ ನಿಯಮ 2017ರ ಜನವರಿಯಲ್ಲಿ ಪ್ರಕಟವಾಗಿ, 2021ರ ಜುಲೈ 19ರಿಂದ ಜಾರಿಯಾಯಿತು. ದೊಡ್ಡ ಪಂಪುಗಳಲ್ಲಿ ಒಂದೇ ವೇಗದವು ಹೆಚ್ಚುಕಡಿಮೆ ಅಲ್ಲಿಗೆ ಮುಗಿದವು. ಆದರೆ ಸುಟ್ಟ ಪಂಪಿಗೆ ಬರೀ ಮೋಟರು ಮಾತ್ರ ಹಳೇ ಥರದ್ದು ಕೂರಿಸುವ ಕಳ್ಳದಾರಿ ಉಳಿದಿತ್ತು. 2023ರಲ್ಲಿ ಮೋಟರಿಗೂ ಪ್ರತ್ಯೇಕ ನಿಯಮ ಮಾಡಿದರು.

ನಮಗೂ ಇದಕ್ಕೂ ನಂಟು ಎಲ್ಲಿ ಅಂದರೆ, ತಲೆ ಎತ್ತಿ ಫ್ಯಾನು ನೋಡಿ. ಹಳೇ ಡಬ್ಬದ ರೆಗ್ಯುಲೇಟರು ನೆನಪಿದೆಯಲ್ಲ? ವೇಗ ಇಳಿಸಿದಾಗ ಕರೆಂಟಿನ ಒಂದು ಪಾಲನ್ನು ಬಿಸಿಯಾಗಿ ಸುಡುತ್ತಿತ್ತು. ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನಿನ ಹೊಟ್ಟೆಯಲ್ಲೂ ಕಾಯಂ ಅಯಸ್ಕಾಂತವೇ, ಆ ಕೊಳದ ಪಂಪಿನ ತತ್ವವೇ. ಹಳೆಯದಕ್ಕೆ 75 ವ್ಯಾಟ್, ಇದಕ್ಕೆ 30ರ ಆಸುಪಾಸು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ನಮ್ಮಲ್ಲೂ ಸ್ಟಾರ್ ಗುರುತು ಕಡ್ಡಾಯವಾಗಿದೆ. ಅಂಗಡಿಯವನು ಮಾತ್ರ ಈಗಲೂ ಮೊದಲು ಅಗ್ಗದ್ದನ್ನೇ ಮುಂದಿಡುತ್ತಾನೆ.