ನವೆಂಬರ್ ೧: ಕೂಡಿದವರು, ಅಗಲಿದವರು

೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾಯಿತೆಂಬ ವಾಕ್ಯವನ್ನು ನಾನು ಪ್ರೌಢಶಾಲೆಯಲ್ಲಿ ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಮೈಸೂರು ಮತ್ತು ಕೊಡಗುಗಳೊಡನೆ ಮುಂಬಯಿ, ಹೈದರಾಬಾದ್, ಮದರಾಸು ಪ್ರಾಂತಗಳ ಕನ್ನಡ ಜಿಲ್ಲೆಗಳು ಅಂದು ಕೂಡಿದವು. ಹಿಂದಿನ ದಿನದವರೆಗೆ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಇದು ಎಲ್ಲರಿಗೂ ತಿಳಿದದ್ದೇ.

ಆದರೆ ಅಂದೇ ನಮ್ಮಿಂದ ಅಗಲಿದವರೂ ಇದ್ದಾರೆ. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರಗಳು ಆಂಧ್ರಕ್ಕೆ ಸೇರಿದವು. ಬೆಳಗಾವಿಯ ಚಂದಗಡ ಮುಂಬಯಿಯಲ್ಲೇ ಉಳಿಯಿತು. ಇವನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ನೆನೆಯುವುದು ಕಾಸರಗೋಡನ್ನು. ದಕ್ಷಿಣ ಕನ್ನಡದ ಆ ತಾಲ್ಲೂಕು ಕೇರಳಕ್ಕೆ ಹೋಯಿತು. ಅದರೊಡನೆ ಮಂಜೇಶ್ವರವೂ ಹೋಯಿತು. ರಾಷ್ಟ್ರಕವಿ ಗೋವಿಂದ ಪೈಗಳು ಮನೆ ಬಿಟ್ಟು ಕದಲಲಿಲ್ಲ. ಅವರ ಕಾಲ ಕೆಳಗಿನ ರಾಜ್ಯ ಬದಲಾಯಿತು! ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿತು. ಅದು ಕಾಗದದ ಮೇಲೆಯೇ ಉಳಿಯಿತು. ಹೊಳೆಯ ಆಚೆ ಈಚೆ ಕನ್ನಡ, ತುಳು, ಮಲಯಾಳಂ ಬೆರೆತ ಮನೆಗಳಿರುವಾಗ ಯಾವ ಗೆರೆಯೂ ಎಲ್ಲರಿಗೂ ಒಪ್ಪಿಗೆಯಾಗದೆಂಬುದು ನಿಜವೇ. ಆದರೂ ಆಯೋಗವೊಂದನ್ನು ನೇಮಿಸಿ, ಅದರ ಮಾತನ್ನು ಒಪ್ಪಿದೆವೆಂದೂ ಹೇಳದೆ ಒಲ್ಲೆವೆಂದೂ ಹೇಳದೆ ಜನರನ್ನು ದಶಕಗಟ್ಟಲೆ ಕಾಯಿಸಿದ್ದು ನನಗೆ ಗಡಿಯ ಗೆರೆಗಿಂತ ದೊಡ್ಡ ಅನ್ಯಾಯವೆನಿಸುತ್ತದೆ.

ಇನ್ನೊಂದು ಅಗಲಿಕೆಯಂತೂ ಪೂರ್ತಿ ಮರೆತೇಹೋಗಿದೆ. ಅರಬ್ಬೀ ಸಮುದ್ರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನ್‌ದೀವಿ ದ್ವೀಪಗಳು ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು. ಆ ದ್ವೀಪವಾಸಿಗಳು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ನವೆಂಬರ್ ೧ರಂದೇ ಅವು ಪ್ರತ್ಯೇಕಗೊಂಡು ಹೊಸ ಕೇಂದ್ರಾಡಳಿತ ಪ್ರದೇಶದ ಪಾಲಾದವು. ಅವು ಕನ್ನಡದ ಊರುಗಳಲ್ಲ. ಆದುದರಿಂದ ಯಾರೂ ಹೋರಾಡಲಿಲ್ಲ, ಯಾರೂ ಕಣ್ಣೀರಿಡಲಿಲ್ಲ.

ಹದಿನೇಳು ವರ್ಷಗಳು ಕಳೆದವು. ದೇವರಾಜ ಅರಸರ ಕಾಲದಲ್ಲಿ, ೧೯೭೩ರ ನವೆಂಬರ್ ೧ರಂದು, ಮೈಸೂರು ರಾಜ್ಯವು 'ಕರ್ನಾಟಕ'ವಾಯಿತು. ಲಕ್ಕದೀವಿ, ಮಿನಿಕಾಯ್, ಅಮಿನ್‌ದೀವಿ ಎಂಬ ಉದ್ದನೆಯ ಹೆಸರಿನ ಆ ದ್ವೀಪಸಮೂಹಕ್ಕೂ ಅದೇ ದಿನ, ಸಂಸತ್ತಿನ ಮತ್ತೊಂದು ಕಾಯಿದೆಯಿಂದ, 'ಲಕ್ಷದ್ವೀಪ' ಎಂಬ ಹೆಸರು ಬಂದಿತು.