ನರವ್ಯಾಧಿಯೂ ವಿಷಾದವೂ

ರಾಯಚೂರು ಸೀಮೆಯಲ್ಲಿ ಕೈಕಾಲಿನ ಶಕ್ತಿಯು ಒಮ್ಮೆಲೇ ಉಡುಗಿದರೆ ಜನರು ‘ಲಕ್ವ ಹೊಡೆಯಿತು’ ಎನ್ನುವರು. ಹೆಸರು ದೊರೆತೊಡನೆ ಮನೆಯವರಿಗೆ ಅರ್ಧ ಸಮಾಧಾನ. ನೆರೆಯವರು ನೋಡಲು ಬರುವರು, ಮದ್ದು ಕೊಡುವವರ ಊರು ಹೇಳುವರು. ಆದರೆ ಒಂದು ವರ್ಷ ಕಣ್ಣು ಮಸುಕಾಗಿ ತಾನಾಗಿಯೇ ತಿಳಿಯಾಗುವ, ಮರುವರ್ಷ ಕಾಲು ಜೋಮುಗಟ್ಟಿ ಮತ್ತೆ ನೆಟ್ಟಗಾಗುವ, ಕೆಲಕಾಲ ಸುಮ್ಮನಿದ್ದು ಮರಳಿ ಬರುವ ವ್ಯಾಧಿಗೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮನೆಮಾತಿನಲ್ಲಿ ಹೆಸರಿಲ್ಲ. ವೈದ್ಯರು ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಕರೆಯುವರು. ದೇಹವನ್ನು ಕಾಯಬೇಕಾದ ರಕ್ಷಣಶಕ್ತಿಯೇ ದಾರಿತಪ್ಪಿ, ಮೆದುಳು ಬೆನ್ನುಹುರಿಗಳೊಳಗಿನ ನರತಂತುಗಳ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುವದೇ ಇದರ ಮೂಲ. ಬಹುಮಟ್ಟಿಗೆ ೨೦ರಿಂದ ೪೦ರ ವಯಸ್ಸಿನೊಳಗೆ ತಲೆದೋರುವ ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಮ್ಮ ದೇಶದಲ್ಲಿ ಇದು ವಿರಳ. ಆದರೂ ಮಂಗಳೂರು ನಗರದಲ್ಲಿ ನಡೆದ ಎಣಿಕೆಯೊಂದರಲ್ಲಿ ಲಕ್ಷಕ್ಕೆ ಸುಮಾರು ೮ ಜನರಲ್ಲಿ ಕಂಡುಬಂದಿತು.

ಈ ವ್ಯಾಧಿಯ ಜೊತೆಗೆ ಬಂದು ಮನಸ್ಸನ್ನು ಕವಿಯುವ ವಿಷಾದದ ಚರಿತ್ರೆಯು ವ್ಯಾಧಿಯ ಚರಿತ್ರೆಗಿಂತಲೂ ವಿಚಿತ್ರವಾದದ್ದು. ಚರಕಸಂಹಿತೆಯ ಸೂತ್ರಸ್ಥಾನದ ೨೦ನೆಯ ಅಧ್ಯಾಯದಲ್ಲಿ ವಾತಜನ್ಯವಾದ ೮೦ ವಿಕಾರಗಳ ಪಟ್ಟಿಯಿದೆ. ಪಕ್ಷವಧವೂ, ನಡುಕವೆಂಬ ವೇಪಥುವೂ ಇರುವ ಅದೇ ಪಟ್ಟಿಯಲ್ಲಿ ವಿಷಾದವನ್ನೂ ಎಣಿಸಿದೆ. ನಮ್ಮ ಪೂರ್ವಿಕರು ಈ ವ್ಯಾಧಿಯನ್ನೇ ಅರಿತಿದ್ದರೆಂದು ವಾದಿಸುವದು ಅತ್ಯುತ್ಸಾಹವಾದೀತು. ಆದರೆ ಅಂಗದ ಬಲಹೀನತೆಯನ್ನೂ ಮನಸ್ಸಿನ ಕುಗ್ಗನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ್ದು ಸಣ್ಣ ಮಾತಲ್ಲ. ಐರೋಪ್ಯ ವೈದ್ಯರು ಅಲ್ಲಿಗೆ ಬಂದು ಸೇರಲು ಬಹಳ ಸುತ್ತಬೇಕಾಯಿತು.

ಇಂಗ್ಲೆಂಡಿನ ಅರಸ ಮೂರನೆಯ ಜಾರ್ಜನ ಮೊಮ್ಮಗನಾದ ಅಗಸ್ಟಸ್ ಡೆಸ್ಟೆಯ ದಿನಚರಿಯು, ಈ ವ್ಯಾಧಿಯನ್ನು ರೋಗಿಯೇ ಬರೆದಿಟ್ಟ ಅತಿ ಹಳೆಯ ದಾಖಲೆಗಳಲ್ಲಿ ಒಂದು. ೧೮೨೨ರ ಡಿಸೆಂಬರಿನಲ್ಲಿ ಅವನು ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವನ್ನು ಕಾಣಲು ಸ್ಕಾಟ್ಲೆಂಡಿಗೆ ಹೋದನು. ಅಲ್ಲಿ ಮುಟ್ಟುವಷ್ಟರಲ್ಲಿ ಆತನು ತೀರಿಹೋಗಿದ್ದನು. ನೆರೆದ ಜನರೆದುರು ಅಳಬಾರದೆಂದು ಬಹಳವಾಗಿ ಹೆಣಗಿದರೂ ಅಳು ನಿಲ್ಲಲಿಲ್ಲ. ಸ್ವಲ್ಪ ಕಾಲದಲ್ಲೇ ಕಣ್ಣು ಮಂದವಾಗಿ, ಬಂದ ಕಾಗದಗಳನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾಯಿತು. ಕಣ್ಣು ಚಿಕಿತ್ಸೆಯಿಲ್ಲದೆಯೇ ನೆಟ್ಟಗಾಯಿತು. ವ್ಯಾಧಿ ಮಾತ್ರ ೧೮೪೮ರಲ್ಲಿ ಅವನು ಸಾಯುವವರೆಗೂ ಬಿಡಲಿಲ್ಲ. ಪ್ಯಾರಿಸಿನಲ್ಲಿ ಜಾನ್ ಮಾರ್ಟಿನ್ ಶಾರ್ಕೋ ಎಂಬ ವೈದ್ಯನು ೧೮೬೮ರಲ್ಲಿ ಈ ವ್ಯಾಧಿಯನ್ನು ಬೇರ್ಪಡಿಸಿ ವಿವರಿಸಿದಾಗ, ದೀರ್ಘಕಾಲದ ದುಃಖವನ್ನು ಇದರ ಕಾರಣಗಳಲ್ಲಿ ಸೇರಿಸಿದನು. ಹೀಗೆ ಮೊದಲು ದುಃಖವು ಅಪರಾಧಿಯ ಸ್ಥಾನದಲ್ಲಿ ನಿಂತಿತು.

ಮುಂದೆ ಅದನ್ನು ಇಲ್ಲವೆಂದೇ ಹೇಳುವ ಕಾಲ ಬಂದಿತು. ೧೯೨೬ರಲ್ಲಿ ಕಾಟ್ರೆಲ್ ಮತ್ತು ವಿಲ್ಸನ್ ಎಂಬ ವೈದ್ಯರು ಲಂಡನ್ನಿನಲ್ಲಿ ೧೦೦ ರೋಗಿಗಳನ್ನು ಪರೀಕ್ಷಿಸಿ, ಬಹುಜನರಲ್ಲಿ ಅಸಹಜವಾದ ಉಲ್ಲಾಸವೇ ಕಾಣುವದೆಂದು ಬರೆದರು. ರೋಗಿಯು ನಗುತ್ತಿರುವನೆಂಬ ಈ ಮಾತು ಪಠ್ಯಗ್ರಂಥಗಳಲ್ಲಿ ದಶಕಗಳವರೆಗೆ ಉಳಿಯಿತು. ಮುಖದ ನಗೆಯನ್ನು ಮನಸ್ಸಿನ ಸಾಕ್ಷಿಯೆಂದು ನಂಬಿದ್ದರ ಫಲವಿದು ಎನ್ನದೆ ವಿಧಿಯಿಲ್ಲ. ಈಚಿನ ಸಂಶೋಧನೆಗಳಂತೆ, ಈ ವ್ಯಾಧಿಯುಳ್ಳವರಲ್ಲಿ ಅರ್ಧದಷ್ಟು ಜನರಿಗೆ ಬಾಳಿನಲ್ಲಿ ಒಮ್ಮೆಯಾದರೂ ತೀವ್ರವಾದ ಖಿನ್ನತೆ ಬರುವದು. ಉದ್ಯೋಗ, ನಡಿಗೆ, ನಾಳಿನ ಭರವಸೆಗಳು ಕೈಜಾರಿದ ದುಃಖ ಒಂದು ಕಾರಣವಾದರೆ, ಮೆದುಳಿನ ಕೆಲವು ಭಾಗಗಳಿಗೆ ಆದ ಗಾಯವೂ ಉರಿಯೂತವೂ ಇನ್ನೊಂದು. ಮರುಕಳಿಕೆಯಲ್ಲಿ ಕೊಡುವ ಸ್ಟೀರಾಯ್ಡ್ ಮದ್ದು ಕೂಡ ಕೆಲವರ ಮನಸ್ಸನ್ನು ಕದಡಬಲ್ಲದು. ಆದುದರಿಂದ ‘ಇಂಥ ಬೇನೆಯಲ್ಲಿ ಬೇಸರವಾಗದೆ ಇದ್ದೀತೆ’ ಎಂದು ಕೈಬಿಡುವದೂ, ‘ಮನಸ್ಸು ಗಟ್ಟಿಮಾಡಿಕೋ’ ಎಂದು ಗದರುವದೂ ಒಂದೇ ತಪ್ಪಿನ ಎರಡು ಮುಖಗಳು. ಮೂಲವ್ಯಾಧಿಯನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ೧೯೯೩ರಿಂದೀಚೆಗೆ ಬಂದ ಮದ್ದುಗಳು ಅದರ ಮರುಕಳಿಕೆಯನ್ನು ಕಡಮೆ ಮಾಡುವವು. ಖಿನ್ನತೆಯಾದರೋ ಔಷಧದಿಂದಲೂ ಮಾತಿನ ಚಿಕಿತ್ಸೆಯಿಂದಲೂ ಇಳಿಯತಕ್ಕದ್ದು.

ಈ ಸೀಮೆಯಲ್ಲಿ ಇನ್ನೊಂದು ತೊಡಕುಂಟು. ದೇಹಶ್ರಮದ ತರುವಾಯ ರೋಗಿಯ ಕಣ್ಣು ಮಂದವಾಗುವದನ್ನು ಜರ್ಮನಿಯ ನೇತ್ರವೈದ್ಯ ಊಟ್ಹೋಫನು ೧೮೯೦ರಲ್ಲಿಯೇ ಗುರುತಿಸಿದ್ದನು. ಹೊದಿಕೆ ಕೆಟ್ಟ ನರದಲ್ಲಿ ಸಂದೇಶವು ಕಾವಿಗೆ ತಡವರಿಸುವದು. ರಾಯಚೂರಿನ ಬೇಸಿಗೆಯಲ್ಲಿ ಉಷ್ಣತೆ ೪೦ ಡಿಗ್ರಿಯನ್ನು ಮೀರುವದು ವಾಚಕರಿಗೆ ಹೇಳಬೇಕಾದ ಸಂಗತಿಯಲ್ಲ. ಬೆಳಗಿನಲ್ಲಿ ನೀರು ತಂದ ಸೊಸೆ ಮಧ್ಯಾಹ್ನ ಒಲೆಯ ಮುಂದೆ ನಿಲ್ಲಲಾರದೆ ಕುಳಿತರೆ, ಮೈಗಳ್ಳಿ ಎಂಬ ಹೆಸರು ತಡವಿಲ್ಲದೆ ಬರುವದು. ಸಂಜೆ ತಂಪಾದ ಮೇಲೆ ಅವಳು ಚೇತರಿಸಿಕೊಂಡರಂತೂ ಆ ಅಪವಾದ ಗಟ್ಟಿಯಾಯಿತು. ಅವಳ ಕುಗ್ಗಿನಲ್ಲಿ ವ್ಯಾಧಿಯ ಪಾಲೆಷ್ಟು, ಈ ಮಾತುಗಳ ಪಾಲೆಷ್ಟು?

ಚಿಕಿತ್ಸೆ ಎಲ್ಲಿ ದೊರೆಯುವದೆಂಬದು ಮುಂದಿನ ಪ್ರಶ್ನೆ. ರಾಯಚೂರು ೧೯೪೮ರವರೆಗೆ ನಿಜಾಮರ ಆಳಿಕೆಯಲ್ಲಿತ್ತು. ೧೯೧೮ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವೈದ್ಯಶಾಸ್ತ್ರವನ್ನು ಕೂಡ ಉರ್ದುವಿನಲ್ಲಿ ಕಲಿಸಿತು. ಜ್ವರವನ್ನು ಮೈಮುಟ್ಟಿ ಅರಿಯಬಹುದು. ವಿಷಾದವನ್ನು ರೋಗಿಯ ಮಾತಿನಿಂದಲ್ಲದೆ ಅರಿಯಲು ಬಾರದು. ೧೯೫೬ರ ಏಕೀಕರಣದ ತರುವಾಯ ಈ ಜಿಲ್ಲೆಗೆ ಬೆಂಗಳೂರು ರಾಜಧಾನಿಯಾಯಿತು. ೧೯೭೪ರಲ್ಲಿ ಅಲ್ಲಿ ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡು ನರರೋಗವೂ ಮನೋರೋಗವೂ ಒಂದೇ ಆವರಣದೊಳಗೆ ಬಂದವು. ಆದರೆ ಸಿಂಧನೂರಿನಿಂದ ಬೆಂಗಳೂರು ಸುಮಾರು ೪೦೦ ಕಿಲೋಮೀಟರು. ನಡೆಯಲಾರದವನಿಗೆ ಅದು ಕಾಶಿಯಷ್ಟೇ ದೂರ. ಔಷಧವನ್ನೇ ಜನರಿದ್ದೆಡೆಗೆ ಒಯ್ಯುವ ಯೋಚನೆ ಹಳೆಯದು. ೧೯೧೫ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಯಾವ ಅರಸನ ಹೆಸರಿದೆಯೋ, ಆ ಅಶೋಕನೇ ಗಿರ್ನಾರಿನ ಎರಡನೆಯ ಶಾಸನದಲ್ಲಿ ಮೂಲಿಕೆಗಳಿಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದ್ದಾಗಿ ಹೇಳಿಸಿದ್ದಾನೆ. ಮನೋರೋಗದ ವಿಷಯದಲ್ಲಿ ಆ ಕೆಲಸವು ನೆರೆಯ ಬಳ್ಳಾರಿಯಲ್ಲಿ ೧೯೮೫ರಲ್ಲಿ ಆರಂಭವಾಯಿತು: ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಿ ಮದ್ದು ಕೊಡುವದನ್ನು ಕಲಿಸಿದರು. ೧೯೯೬ರ ರಾಷ್ಟ್ರೀಯ ಜಿಲ್ಲಾ ಯೋಜನೆಗೆ ಬಳ್ಳಾರಿಯ ಈ ಪ್ರಯೋಗವೇ ಮಾದರಿಯಾಯಿತು. ೨೦೧೪ರಲ್ಲಿ ಕರ್ನಾಟಕ ಸರಕಾರವು ‘ಮನೋಚೈತನ್ಯ’ವೆಂಬ ಹೆಸರಿನಿಂದ, ಮಂಗಳವಾರದ ದಿನ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕಳುಹಿಸುವ ಏರ್ಪಾಡು ಮಾಡಿತು. ಮಲ್ಟಿಪಲ್ ಸ್ಕ್ಲೆರೋಸಿಸ್ಸನ್ನು ೨೦೧೬ರ ಅಂಗವಿಕಲರ ಹಕ್ಕುಗಳ ಕಾಯದೆಯು ೨೧ ವೈಕಲ್ಯಗಳಲ್ಲಿ ಹೆಸರಿಸಿ ಎಣಿಸಿದೆ.

ದೂರವನ್ನು ಕಳೆಯುವ ಇನ್ನೊಂದು ದಾರಿ ದೂರವಾಣಿ. ಈ ವ್ಯಾಧಿಯುಳ್ಳ ಖಿನ್ನರಿಗೆ ದೂರವಾಣಿಯ ಮೂಲಕವೇ ಮಾತಿನ ಚಿಕಿತ್ಸೆ ಕೊಟ್ಟು, ಅದರಿಂದ ಖಿನ್ನತೆ ಇಳಿಯುವದೆಂದು ಅಮೆರಿಕದ ಸಂಶೋಧಕರು ೨೦೦೦ದಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಟೆಲಿ-ಮಾನಸ್ ಸೇವೆಯು ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾಯಿತು. ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅಲ್ಲಿಯಾಗಲಿ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಬೇಸರವನ್ನಷ್ಟೇ ಹೇಳಿ ನರವ್ಯಾಧಿಯನ್ನು ಮುಚ್ಚಿಡಲಾಗದು. ನರವೈದ್ಯರ ಮುಂದೆ ಕಾಲಿನ ಮಾತಾಡಿ, ನಿದ್ದೆಗೆಟ್ಟ ರಾತ್ರಿಗಳನ್ನು ನುಂಗಿಕೊಂಡು ಬರಲೂ ಆಗದು. ಜೊತೆಗೆ ಹೋದವರಾದರೂ ಎರಡನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಂಡು ಬರತಕ್ಕದ್ದು.